ಕೆಂಪು ಕೂದಲಿನ ಪಾದ್ರಿಯ ಬಸ್ ಡ್ರೈವರ್

ಕಳೆದ ತಿಂಗಳು ಸಿಡ್ನಿಯಿಂದ ನಮ್ಮ ಬಸ್ ಡ್ರೈವರ್ ಅಂಕಲ್ ಅವರ ಮಗಳ ಫೋನ್ ಬಂದಾಗ ನಾನು ನಮ್ಮ ಬಡಾವಣೆ ಟಾರ್ನೀಟ್‌ನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದೆ. ಪಪ್ಪಾ ಹೋದರು ಎಂದಳು. ಬೆಳಗಿನ ಕಾಫಿ ಕುಡಿದು, ಪೇಪರ್ ಮಡಚಿಟ್ಟು, ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಎಂಬತ್ತು ದಾಟಿತ್ತು, ನರಳಲಿಲ್ಲ. ಆಮೇಲೆ ಅವಳೇ ಹೇಳಿದಳು: ಜೀವಮಾನದಲ್ಲಿ ಮೊದಲ ಸಲ ಈ ಮನುಷ್ಯ ಒಂದು ಕೆಲಸವನ್ನು ಚಕ್ಕನೆ ಮುಗಿಸಿದರು ಎಂದು ಮಮ್ಮಿ ಹೇಳುತ್ತಿದ್ದಾರೆ. ಅವರ ಹಾಡಿನ ಪ್ರಾಕ್ಟೀಸಿಗೆ ಒಂದು ದಿನ ಹೋದವರಿಗೂ ಆ ಮಾತು ಅರ್ಥವಾಗುತ್ತದೆ. ‘ಇನ್ನು ಐದೇ ನಿಮಿಷ’ ಎಂದು ಅವರು ಹೇಳಿದರೆ ಮನೆಗೆ ಫೋನ್ ಮಾಡಿ ಅನ್ನಕ್ಕೆ ನೀವೇ ಇಡಿ ಎನ್ನಬೇಕಾಗಿತ್ತು. ಬೆಂಡೆಕಾಯಿ ಕೈಯಲ್ಲಿ ಹಿಡಿದುಕೊಂಡೇ ನಾನು ನಕ್ಕೆ, ಕಣ್ಣೊರೆಸಿಕೊಂಡೆ, ಮತ್ತೆ ನಕ್ಕೆ.

ಅವರನ್ನು ನಾನು ಮೊದಲು ಕಂಡದ್ದು ಬೆನ್ನ ಕಡೆಯಿಂದ. ಎರಡು ಸಾವಿರದ ನಾಲ್ಕರ ಸುಮಾರು. ಮೈಸೂರಿನಿಂದ ಬಂದು, ಸಿಡ್ನಿಗೆ ಹತ್ತು ಗಂಟೆಯ ದಾರಿಯಿರುವ ವೆರಿಬೀಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಇದ್ದ ಒಂದೇ ಕಾರು ಗಂಡನ ಆಫೀಸಿಗೆ ಹೋಗುತ್ತಿತ್ತು. ಎರಡು ವರ್ಷದ ಮಗಳನ್ನು ಕರೆದುಕೊಂಡು ಲೈಬ್ರರಿಗೆ ಹೋಗುವ ಬಸ್ ಹತ್ತಿದ್ದೆ. ಅವಳು ರಚ್ಚೆ ಹಿಡಿದಳು. ಕನ್ನಡದಲ್ಲಿ ಗದರಿದೆ, ಕೇಳಲಿಲ್ಲ. ಕೊನೆಗೆ ಅವಳ ಕಿವಿಯ ಹತ್ತಿರ ಮೆಲ್ಲಗೆ ಆಲಾಪನೆ ಶುರುಮಾಡಿದೆ. ಮುಂದಿನ ಸ್ಟಾಪಿನಲ್ಲಿ ಬಸ್ ನಿಂತಿತು, ಹತ್ತುವವರು ಹತ್ತಿದರು, ಬಸ್ ಮಾತ್ರ ಹೊರಡಲಿಲ್ಲ. ಡ್ರೈವರ್ ಸೀಟಿನಿಂದ ದಪ್ಪ ಕನ್ನಡಕ, ಬಿಳಿ ಮೀಸೆಯ ಮುಖವೊಂದು ಹಿಂದಕ್ಕೆ ತಿರುಗಿ ಅಚ್ಚ ಮಂಗಳೂರು ಕನ್ನಡದಲ್ಲಿ ಕೇಳಿತು: "ಅದು ಯಾವ ರಾಗ?"

ಮೋಹನ ಎಂದೆ. ಐದೇ ಸ್ವರ ಅಲ್ಲವಾ ಎಂದು ಸ್ಟಿಯರಿಂಗ್ ಮೇಲೆ ಬೆರಳು ಮಡಚಿ ಎಣಿಸಿ, ತೃಪ್ತಿಯಾದ ಮೇಲೆ ಬಸ್ ಬಿಟ್ಟರು. ನಾನು ಇಳಿಯುವಾಗ ಏನಾದರೂ ಬಾರಿಸುತ್ತೀರಾ ಎಂದರು. ಪಿಟೀಲು, ಮದುವೆಗೆ ಮುಂಚೆ, ಎಂದೆ. ಅದು ಈಗ ಎಲ್ಲಿ ಉಂಟು ಎಂದರು. ವಾರ್ಡ್‌ರೋಬಿನ ಮೇಲೆ ಎಂದೆ. ನೆಂಟರೊಬ್ಬರು ಜೈಲಿನಲ್ಲಿದ್ದಾರೆ ಎಂದು ಕೇಳಿದವರ ಹಾಗೆ ಮುಖ ಮಾಡಿದರು.

ಅಂದಿನಿಂದ ವಾರಕ್ಕೆರಡು ಸಲ ಆ ಬಸ್ಸಿನಲ್ಲಿ ನಮ್ಮ ಮಾತು. ಮಾತೆಂದರೆ ಅವರದೇ, ಸ್ಟಾಪಿನಿಂದ ಸ್ಟಾಪಿಗೆ ತುಂಡು ತುಂಡಾಗಿ. ಅದರಲ್ಲಿ ಮುಕ್ಕಾಲು ಪಾಲು ‘ನಮ್ಮ ಪಾದ್ರಿ’ಯ ವಿಷಯ. ನಮ್ಮ ಪಾದ್ರಿಗೆ ಕೆಂಪು ಕೂದಲು. ನಮ್ಮ ಪಾದ್ರಿಗೆ ಹುಟ್ಟಿನಿಂದ ದಮ್ಮು, ಹಾಗಾಗಿ ಬಲಿಪೂಜೆ ಹೇಳುವುದನ್ನೇ ಬಿಟ್ಟರು, ಆದರೆ ಪಿಟೀಲು ಬಾರಿಸಲು ಅದೇ ದಮ್ಮು ಅಡ್ಡ ಬರಲಿಲ್ಲ. ನಮ್ಮ ಪಾದ್ರಿ ಅನಾಥ ಹುಡುಗಿಯರಿಗೆ ಸಂಗೀತ ಕಲಿಸುತ್ತಿದ್ದರು. ನಮ್ಮ ಪಾದ್ರಿ ಬರೆಯುವ ವೇಗಕ್ಕೆ ನಕಲು ತೆಗೆಯುವವನು ಸೋಲುತ್ತಿದ್ದ. ನಾನು ವೆರಿಬೀಯ ಇಗರ್ಜಿಯಲ್ಲೇ ಇಂಥವರೊಬ್ಬರು ಇದ್ದಾರೆ ಎಂದು ಎರಡು ವಾರ ನಂಬಿದ್ದೆ. ಒಂದು ದಿನ ಕನಿಕರದಿಂದ, ದಮ್ಮಿಗೆ ನಮ್ಮ ಮನೆಯ ಹತ್ತಿರ ಒಳ್ಳೆಯ ಡಾಕ್ಟರಿದ್ದಾರೆ, ಫಾದರನ್ನು ಒಮ್ಮೆ ಕರೆದುಕೊಂಡು ಹೋಗಿ ಅಂಕಲ್ ಎಂದೆ.

ಅವರು ಟ್ರಾಫಿಕ್ ಲೈಟ್ ಹಸಿರಾಗುವವರೆಗೂ ಕಾದರು. "ಸ್ವಲ್ಪ ಲೇಟಾಯ್ತು," ಎಂದರು. "ಅವರು ತೀರಿಹೋಗಿ ಇನ್ನೂರ ಅರವತ್ತು ವರ್ಷ ಆಯ್ತು."

ಆಮೇಲೆ ಎಷ್ಟು ನಕ್ಕರೆಂದರೆ ಪಂಪ್ ತೆಗೆದು ಎರಡು ಸಲ ಒಳಗೆಳೆದುಕೊಳ್ಳಬೇಕಾಯಿತು. ದಮ್ಮು ಅವರಿಗೂ ಇತ್ತು. ಮುನ್ನೂರು ವರ್ಷದ ಹಿಂದೆ ವೆನಿಸ್ಸಿನಲ್ಲಿದ್ದ ಆ ಸಂಗೀತಗಾರ ಪಾದ್ರಿಯ ಮೇಲೆ ಅವರಿಗಿದ್ದ ಪ್ರೀತಿಯಲ್ಲಿ ಅರ್ಧ ಅದರಿಂದಲೇ ಬಂದದ್ದು ಎಂದು ನನ್ನ ಲೆಕ್ಕ.

ಭಾನುವಾರ ತಮ್ಮ ಮನೆಯಲ್ಲಿ ಸೇರುವ ಹಾಡಿನ ಗುಂಪಿಗೆ ಅವರು ನನ್ನನ್ನೂ ಕರೆದರು. ನಾನು ಪಿಟೀಲು ಹೊತ್ತು ಮೊದಲು ಹೋದ ದಿನ ಕಾರು ರಸ್ತೆಯಲ್ಲಿತ್ತು, ಗ್ಯಾರೇಜಿನಲ್ಲಿ ಕುರ್ಚಿಗಳಿದ್ದವು. ಆಲಿಕಲ್ಲು ಬಿದ್ದು ಕಾರಿನ ಮೇಲ್ಭಾಗವೆಲ್ಲ ಗುಳಿಬಿದ್ದಿತ್ತು, ಅದರ ಬಗ್ಗೆ ಅವರಿಗೆ ಚಿಂತೆಯಿರಲಿಲ್ಲ. ಅವರ ಹೆಂಡತಿ, ಆಂಟಿ, ವೃದ್ಧಾಶ್ರಮದಲ್ಲಿ ನರ್ಸ್. ನಾಲ್ಕೇ ಮಾತು ಆಡುವವರು, ಆದರೆ ಆ ನಾಲ್ಕು ಮಾತೂ ಗುರಿಗೆ ಬೀಳುತ್ತಿದ್ದವು. ನಾನು ಸಸ್ಯಾಹಾರಿ ಎಂದು ತಿಳಿದ ಮೇಲೆ ಪ್ರತಿ ಭಾನುವಾರ ನನಗೆಂದು ‘ಸಣ್ಣ’ ಎಂಬ ಅವರ ಕಡೆಯ ಮೆತ್ತನೆಯ ಇಡ್ಲಿ ಮತ್ತು ಕಡ್ಲೆ ಗಸಿ ಬೇರೆ ಪಾತ್ರೆಯಲ್ಲಿ ಇರುತ್ತಿತ್ತು.

ಗುಂಪಿನಲ್ಲಿ ಎಂಟೊಂಬತ್ತು ಹೆಂಗಸರು, ನಾಲ್ಕು ಗಂಡಸರು. ಬಹುಪಾಲು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ನರ್ಸುಗಳು, ಚೈಲ್ಡ್‌ಕೇರಿನವರು, ಒಬ್ಬರು ಬ್ಯಾಂಕಿನವರು. ಪಿಟೀಲು ನಾನೊಬ್ಬಳೇ, ಕೀಬೋರ್ಡ್ ಒಂದು. ಲ್ಯಾಟಿನ್ ಪದಗಳನ್ನು ಅಂಕಲ್ ನೀಲಿ ಇಂಕಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದು ಎಲ್ಲರಿಗೂ ಜೆರಾಕ್ಸ್ ಹಂಚಿದ್ದರು. ಅವರ ಕನ್ನಡ ಅಕ್ಷರ ಮುತ್ತಿನಂತಿತ್ತು.

ಹಾಡು ಹತ್ತು ನಿಮಿಷ, ಕತೆ ಇಪ್ಪತ್ತು ನಿಮಿಷ. ಆ ಅನಾಥಾಲಯದ ಹುಡುಗಿಯರು ಕಬ್ಬಿಣದ ಜಾಲರಿಯ ಹಿಂದೆ ನಿಂತು ಹಾಡುತ್ತಿದ್ದರಂತೆ, ಕೇಳುವವರಿಗೆ ಮುಖ ಕಾಣಿಸುತ್ತಿರಲಿಲ್ಲವಂತೆ. ಅವರಿಗೆ ಮನೆತನದ ಹೆಸರಿರಲಿಲ್ಲ, ಬಾರಿಸುವ ವಾದ್ಯವೇ ಅಡ್ಡಹೆಸರು. ಅದನ್ನು ಹೇಳಿದ ದಿನವೇ ನಮಗೂ ನಾಮಕರಣವಾಯಿತು. ನಾನು ‘ಪಿಟೀಲು ಮೈಸೂರು’ ಆದೆ, ಮೈಸೂರು ಎಂದೇ ಕೊನೆಯವರೆಗೂ ಕರೆದರು. ಪಾದ್ರಿಯ ಕೊನೆಯ ದಿನಗಳ ವಿಷಯ ಬಂದರೆ ಮಾತ್ರ ಅವರ ಧ್ವನಿ ಸಣ್ಣದಾಗುತ್ತಿತ್ತು. ಅರವತ್ತು ದಾಟಿದ ಮೇಲೆ ಒಬ್ಬ ದೊರೆಯನ್ನು ನಂಬಿ ಪರವೂರಿಗೆ ಹೋದರು, ದೊರೆ ತೀರಿಕೊಂಡ, ಇವರು ಬಾಡಿಗೆ ಕೋಣೆಯಲ್ಲಿ ಸತ್ತರು, ಬಡವರ ಜೊತೆ ಮಣ್ಣಾದರು. ಬರೆದದ್ದೆಲ್ಲ ಸುಮಾರು ಇನ್ನೂರು ವರ್ಷ ಯಾರಿಗೂ ಬೇಡವಾಗಿ ಬಿದ್ದಿತ್ತು. "ಆದ್ರೆ ಸಿಕ್ಕಿತಲ್ಲ," ಎಂದು ತಾವೇ ಸಮಾಧಾನ ಹೇಳಿಕೊಂಡು ಹಾಡು ನಡೆಸುವ ಕೋಲು ಎತ್ತುತ್ತಿದ್ದರು.

ಅವರೂ ಪಾದ್ರಿಯಾಗಬೇಕೆಂದು ಹೊರಟವರೇ. ಸೆಮಿನರಿಯನ್ನು ಅರ್ಧಕ್ಕೆ ಬಿಟ್ಟದ್ದು ಯಾಕೆ ಎಂಬುದಕ್ಕೆ ಅವರ ಹತ್ತಿರ ಮೂರು ಉತ್ತರಗಳಿದ್ದವು: ದಮ್ಮು, ದೇವರ ಇಚ್ಛೆ, ಮತ್ತು ಆಂಟಿ ಹತ್ತಿರದಲ್ಲಿದ್ದರೆ, ಆಂಟಿ. ನಿಜ ಸಂಗತಿಯನ್ನು ಆಂಟಿಯೇ ಒಂದು ದಿನ ‘ಸಣ್ಣ’ ಬೇಯುವಾಗ ಹೇಳಿದರು. ಪವಿತ್ರ ವಾರದಲ್ಲಿ ಇಗರ್ಜಿಯಲ್ಲಿ ವಾದ್ಯಗಳನ್ನು ಮುಟ್ಟುವಂತಿಲ್ಲ. ಶುಭ ಶುಕ್ರವಾರ ಇಡೀ ಸೆಮಿನರಿ ಮೌನದಲ್ಲಿದ್ದಾಗ ಅಕ್ಕಿ ದಾಸ್ತಾನಿನ ಕೋಣೆಯಿಂದ ಪಿಟೀಲಿನ ಸದ್ದು ಬಂತಂತೆ. ಮೂಟೆಗಳ ನಡುವೆ ಕೂತು, ಸದ್ದು ಹೊರಗೆ ಹೋಗುವುದಿಲ್ಲವೆಂದು ನಂಬಿ, ಈ ಮಹಾಶಯರು ಬಾರಿಸುತ್ತಿದ್ದರಂತೆ. ಅಲ್ಲಿಗೆ ಮುಗಿಯಿತು. "ದೇವರ ಇಚ್ಛೆಯೇ," ಎಂದರು ಆಂಟಿ, ಮುಚ್ಚಳ ತೆಗೆಯುತ್ತ. "ಪಾಪ, ದೇವರಿಗೂ ಆ ದಿನ ನಿದ್ದೆ ಬಂದಿರ್ಲಿಕ್ಕಿಲ್ಲ."

ನನ್ನನ್ನು ಅವರ ಸಂಗೀತಕ್ಕೆ ಒಗ್ಗಿಸುವುದು ಸುಲಭವಾಗಿರಲಿಲ್ಲ. ನನ್ನ ತಂತಿಗಳು ಸ-ಪ-ಸ-ಪ ಶ್ರುತಿಯಲ್ಲಿ ಕೂತು ಅಭ್ಯಾಸವಾದವು. ಅವರ ಶ್ರುತಿಗೆ ಏರಿಸಿದರೆ ಬಿರಡೆ ಜಾರುತ್ತಿತ್ತು. ಎಡಗೈ ಬೆರಳು ತಾನಾಗಿ ಗಮಕಕ್ಕೆ ಓಡುತ್ತಿತ್ತು. ಆಗ ಅವರು ಕಣ್ಣು ಮುಚ್ಚಿ, ಚೆಂದ ಉಂಟು, ಆದರೆ ಪಾದ್ರಿ ಮೆಟ್ಟಿಲು ಕಟ್ಟಿದ್ದಾರೆ, ನೀವು ಜಾರುಬಂಡಿ ಮಾಡಬೇಡಿ ಎನ್ನುತ್ತಿದ್ದರು. ಎಲ್ಲರ ಹಾಗೆ ನಿಂತು ಬಾರಿಸಲು ನೋಡಿದೆ. ಆಗಲಿಲ್ಲ. ಗಂಡಸರಲ್ಲೊಬ್ಬರು, ನೆಲದ ಮೇಲೆ ಕೂತರೆ ಇಗರ್ಜಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದರು. ಅಂಕಲ್ ಒಳಗೆ ಹೋಗಿ ಆಂಟಿಯ ಒಳ್ಳೆಯ ಬೆಡ್‌ಶೀಟ್ ತಂದು ಗ್ಯಾರೇಜಿನ ಸಿಮೆಂಟಿನ ಮೇಲೆ ಹಾಸಿದರು. "ಮೈಸೂರು, ನೀವು ಹೇಗೆ ಕಲಿತಿದ್ದೀರೋ ಹಾಗೇ ಕೂತ್ಕೊಳ್ಳಿ. ಕೇಳುವವರು ಕಿವಿ ತರ್ತಾರೆ, ಅಳತೆ ಟೇಪು ತರುದಿಲ್ಲ." ನಾನು ಕಾಲು ಮಡಚಿ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿ ಬಿಲ್ಲು ಎತ್ತಿದೆ.

ಎರಡನೆಯ ವರ್ಷ ಅವರ ತಲೆಗೆ ದೊಡ್ಡದೊಂದು ಹುಳ ಹೊಕ್ಕಿತು. ಮಗಳಿದ್ದದ್ದು ಸಿಡ್ನಿಯ ರೌಸ್ ಹಿಲ್‌ನಲ್ಲಿ. ಅಲ್ಲಿನ ಕೊಂಕಣಿ ಕುಟುಂಬಗಳು ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಮಾಡುತ್ತಾರೆ, ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಆ ಭಾನುವಾರದ ಪೂಜೆಯಾದ ಮೇಲೆ ನಮ್ಮ ಗುಂಪು ಪಾದ್ರಿಯ ಒಂದು ದೊಡ್ಡ ಸ್ತುತಿಯನ್ನು ಹಾಡಬೇಕು ಎಂದು ಮಗಳ ಮೂಲಕ ಮಾತು ಕೊಟ್ಟುಬಿಟ್ಟಿದ್ದರು. ಆರು ತಿಂಗಳು ತಾಲೀಮು ನಡೆಯಿತು. ಇನ್ನು ಮೂರು ವಾರ ಇದೆ ಎನ್ನುವಾಗ ನಾಲ್ಕೂ ಗಂಡಸರು ಕೈಬಿಟ್ಟರು. ಕಾರಣ ಸಣ್ಣದಲ್ಲ ಅವರ ಮಟ್ಟಿಗೆ. ಮುನ್ನೂರು ವರ್ಷ ಹಳೆಯ ಲ್ಯಾಟಿನ್ ಯಾರಿಗೆ ಬೇಕು, ಊರಿನ ನಾಲ್ಕು ಕೊಂಕಣಿ ಹಾಡು ಹಾಡಿದರೆ ಜನ ಚಪ್ಪಾಳೆ ತಟ್ಟುತ್ತಾರೆ, ಅದನ್ನು ಬಿಟ್ಟು ಪ್ರತಿ ಭಾನುವಾರ ಬೈಸಿಕೊಳ್ಳುವುದು ಯಾಕೆ ಎಂದರು. ಬೈಯುತ್ತಿದ್ದದ್ದು ನಿಜ. ಅಂಕಲ್ ಬಸ್ಸಿನಲ್ಲಿ ದೇವಮಾನವ, ಗ್ಯಾರೇಜಿನಲ್ಲಿ ಮುಂಗೋಪಿ.

ತಗ್ಗಿನ ಸ್ವರ ಹಾಡುವವರೇ ಇಲ್ಲದೆ ಆ ಸ್ತುತಿ ಅಡಿಪಾಯವಿಲ್ಲದ ಮನೆ. ನಾವು ಕ್ಯಾನ್ಸಲ್ ಮಾಡೋಣ ಎಂದೆವು. ಮುಂದಿನ ಭಾನುವಾರ ಅಂಕಲ್ ಲಿಡ್ವಿನ್‌ಳನ್ನು ಕರೆತಂದರು.

ಲಿಡ್ವಿನ್ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಉಡುಪಿ ಕಡೆಯವಳು, ನನ್ನ ವಯಸ್ಸಿನವಳು, ಎತ್ತರದ ಆಳು. ಬೆಳಗಿನ ಮೊದಲ ಬಸ್ಸಿನಲ್ಲಿ ದಿನಾ ಹಿಂದಿನ ಸೀಟಿನಲ್ಲಿ ತೂಕಡಿಸುತ್ತ ಹೋಗುತ್ತಿದ್ದವಳು ಆ ವಾರ ಒಮ್ಮೆ ಬಾಯಿಬಿಟ್ಟಿದ್ದಳು. ಯಾರದೋ ಮಗುವಿನ ಪ್ರಾಮ್ ಗಾಡಿ ಇಳಿಯುವಾಗ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು, ಡ್ರೈವರಿಗೆ ಕಾಣಿಸಿರಲಿಲ್ಲ. ಅವಳು ಹಿಂದಿನಿಂದ "ಸ್ಟಾಪ್" ಎಂದು ಕೂಗಿದಳು. ಅಂಕಲ್ ಬ್ರೇಕ್ ಹಾಕಿದರು, ಮಗು ಕ್ಷೇಮ ಎಂದು ನೋಡಿದರು, ಆಮೇಲೆ ಜೇಬಿನಿಂದ ಶ್ರುತಿ ಪೀಪಿ ತೆಗೆದು ಆ ಕೂಗು ಯಾವ ಸ್ವರ ಎಂದು ಊದಿ ನೋಡಿದರು. ಗಂಡಸರ ಸ್ವರ.

ಗ್ಯಾರೇಜಿನಲ್ಲಿ ಅವಳು ಬಾಗಿಲ ಹತ್ತಿರವೇ ನಿಂತಿದ್ದಳು, ಕೈಚೀಲ ಹೆಗಲಿನಿಂದ ಇಳಿಸದೆ. "ನಂಗೆ ಹಾಡ್ಲಿಕ್ಕೆ ಬರುದಿಲ್ಲ ಅಂಕಲ್," ಎಂದಳು. "ಶಾಲೆಯಲ್ಲಿ ಸಿಸ್ಟರ್ ಹೇಳಿದ್ರು, ನೀನು ಬಾಯಿ ಮಾತ್ರ ಆಡಿಸು, ಸೌಂಡ್ ಬೇಡ ಅಂತ. ಮತ್ತೆ ನಾನು ಹಾಡ್ಲೇ ಇಲ್ಲ."

ಯಾರೂ ನಗಲಿಲ್ಲ. ಅಂಕಲ್ ಕೋಲು ಕೆಳಗಿಟ್ಟರು. ಆ ಅನಾಥಾಲಯದ ಜಾಲರಿಯ ಹಿಂದೆ ಗಂಡಸರೇ ಇರಲಿಲ್ಲ, ತಗ್ಗಿನ ಸ್ವರವನ್ನೂ ಹುಡುಗಿಯರೇ ಹಾಡಿದರು ಎಂದು ವಿವರಿಸಿದರು. ಆಮೇಲೆ ಅವಳಿಗೆ ಮಾತ್ರ ಹೇಳುವವರಂತೆ ಹೇಳಿದರು: "ನಮ್ಮ ಪಾದ್ರಿ ಇದನ್ನು ಬರೆದದ್ದು ನಿನ್ನಂಥವಳಿಗೆ. ನಾನು ಸುಮ್ಮನೆ ನಾಲ್ಕು ಗಂಡಸರಿಗೆ ಕಲಿಸಿ ಟೈಂ ವೇಸ್ಟ್ ಮಾಡಿದೆ."

ಲಿಡ್ವಿನ್ ಹಾಡಿದಳು. ಮೊದಲು ಗಾಳಿಯೇ ಹೆಚ್ಚು, ಸ್ವರ ಕಡಿಮೆ. ಮೂರನೆಯ ಸಲಕ್ಕೆ ಗ್ಯಾರೇಜಿನ ತಗಡಿನ ಬಾಗಿಲು ಸಣ್ಣಗೆ ಗುಂಯ್‌ಗುಟ್ಟಿತು. ಇನ್ನಿಬ್ಬರು ಧೈರ್ಯ ಮಾಡಿ ಅವಳ ಜೊತೆ ನಿಂತರು. ತೀರ ತಗ್ಗಿನ ಕೆಲವು ಸ್ವರಗಳನ್ನು ಕೀಬೋರ್ಡಿನ ಎಡಗೈಗೆ ಬಿಟ್ಟುಕೊಟ್ಟೆವು.

ಎರಡನೆಯ ವಾರ ಒಂದು ಅವಾಂತರವಾಯಿತು. ಒಂದೇ ಜಾಗದಲ್ಲಿ ಅವಳು ಐದು ಸಲ ತಪ್ಪಿದಾಗ ಅಂಕಲ್ ತಮ್ಮ ಹಳೆಯ ಚಾಳಿಯಂತೆ ಕೂಗಿಬಿಟ್ಟರು. ಅವಳು ಚೀಲ ಎತ್ತಿಕೊಂಡು ಹೋದಳು. ಆಂಟಿ ಒಳಗಿನಿಂದ ಬಂದು, ಕೈ ಒರೆಸಿಕೊಳ್ಳುತ್ತ, "ಇನ್ನೊಬ್ಬರು ಸಿಸ್ಟರ್ ಸಿಕ್ಕಿದ್ರು ಅವಳಿಗೆ," ಎಂದಷ್ಟೇ ಹೇಳಿದರು. ಅಂಕಲ್ ಮುಖ ಬಾಡಿಹೋಯಿತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ, ಎಲ್ಲ ಪ್ಯಾಸೆಂಜರುಗಳ ಮುಂದೆ, ಇಂಗ್ಲಿಷಿನಲ್ಲೊಮ್ಮೆ ಕೊಂಕಣಿಯಲ್ಲೊಮ್ಮೆ ಅವಳ ಕ್ಷಮೆ ಕೇಳಿದರಂತೆ. ಇಂಗ್ಲಿಷ್ ಯಾಕೆ ಎಂದು ನಾನು ಕೇಳಿದೆ. ಬೈದದ್ದು ಎಲ್ಲರಿಗೂ ಕೇಳಿಸುವ ಹಾಗೆ, ಕ್ಷಮೆ ಮಾತ್ರ ಗುಟ್ಟಿನಲ್ಲಿ ಕೇಳಿದರೆ ಲೆಕ್ಕಕ್ಕಿಲ್ಲ ಎಂದರು. ಅಲ್ಲಿಂದ ಮುಂದೆ ಅವರು ಕೂಗಿದ್ದನ್ನು ನಾನು ಕೇಳಲಿಲ್ಲ. ಕೋಪ ಬಂದರೆ ಹೊರಗೆ ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಆ ವರ್ಷ ಅವರ ಟೊಮೆಟೊ ಗಿಡಗಳು ನೀರು ಹೆಚ್ಚಾಗಿ ಕೊಳೆತವು.

ಹಬ್ಬದ ಹಿಂದಿನ ದಿನ ಶನಿವಾರ ಬೆಳಿಗ್ಗೆ ಬಾಡಿಗೆಯ ಮಿನಿಬಸ್ಸಿನಲ್ಲಿ ಸಿಡ್ನಿಗೆ ಹೊರಟೆವು. ಅವರದೇ ಡ್ರೈವಿಂಗ್. ಹನ್ನೆರಡೇ ಸೀಟು, ಸಾಮಾನೆಲ್ಲ ಕಾಲ ಕೆಳಗೆ. ಮೂರು ಗಂಟೆ ಕಳೆದ ಮೇಲೆ ರಸ್ತೆಯ ಎರಡೂ ಕಡೆ ಕನೋಲಾ ಹೊಲ, ಕಣ್ಣು ಹಾಯುವವರೆಗೂ ಅರಿಶಿನ ಚೆಲ್ಲಿದ ಹಾಗೆ ಹೂವು. ಇಳಿದು ನೋಡದೆ ಹೋಗುವುದು ಪಾಪ ಎಂದು ಅವರು ಗಾಡಿ ನಿಲ್ಲಿಸಿದರು, ಬೇಲಿಯವರೆಗೂ ನಡೆದರು, ಎದೆ ತುಂಬ ಉಸಿರೆಳೆದರು. ಅದೇ ಮುಳುವಾಯಿತು. ಐದು ನಿಮಿಷದಲ್ಲಿ ಪಂಪ್ ಸಾಲದಾಯಿತು, ತುಟಿ ಬಣ್ಣ ಬದಲಾಯಿತು. ಬಸ್ಸಿನಲ್ಲಿ ನಾಲ್ಕು ನರ್ಸುಗಳಿದ್ದದ್ದು ಅವರ ಪುಣ್ಯ. ಸ್ಟಿಯರಿಂಗಿಗೆ ಕೂತದ್ದು ಲಿಡ್ವಿನ್. ಹದಿನೆಂಟರಲ್ಲೇ ಅಪ್ಪನ ಮೀನಿನ ಟೆಂಪೋ ಓಡಿಸಿದವಳು. ಹತ್ತಿರದ ಊರು ಆಲ್ಬರಿಯ ಆಸ್ಪತ್ರೆ ಮುಟ್ಟುವವರೆಗೆ ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಅಪಾಯ ದಾಟಿತು, ಆದರೆ ಎರಡು ದಿನ ಇಲ್ಲೇ ಇರಬೇಕು ಎಂದರು ಡಾಕ್ಟರು. ನಾವೆಲ್ಲ ವೆರಿಬೀಗೆ ವಾಪಸ್ ಹೋಗುವ ಮಾತು ಶುರುಮಾಡಿದೆವು. ಮಾಸ್ಕ್ ಹಾಕಿಕೊಂಡು ಮಲಗಿದ್ದ ಅವರು ಕೈಬೀಸಿ ನನ್ನನ್ನು ಹತ್ತಿರ ಕರೆದರು, ಮಾಸ್ಕ್ ಸ್ವಲ್ಪ ಎತ್ತಿದರು. "ಪಾದ್ರಿ ಪೂಜೆ ಬಿಟ್ಟರು, ಸಂಗೀತ ಬಿಡ್ಲಿಲ್ಲ. ನೀವು ಹೋಗಿ. ಮೈಸೂರು, ನೀವೇ ಶುರು ಮಾಡಿ, ಅವರು ನಿಮ್ಮ ಹಿಂದೆ ಬರ್ತಾರೆ." ನರ್ಸ್ ಬಂದು ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿ, ಮಾತಾಡಬಾರದು ಎಂದರು. ಆಂಟಿ ಅವರ ಜೊತೆ ಉಳಿದರು. ನಾವು ಹೊರಟೆವು.

ರೌಸ್ ಹಿಲ್ ಆಗಿನ್ನೂ ಅರ್ಧ ಕಟ್ಟಿದ ಸಬರ್ಬ್. ಇಗರ್ಜಿಯ ಪಕ್ಕದ ಸೈಟುಗಳಲ್ಲಿ ಬರೀ ಗೂಟ, ಹಗ್ಗ. ಪೂಜೆ ಮುಗಿಯಿತು, ಮಕ್ಕಳು ಮರಿಯಮ್ಮನಿಗೆ ಹೂವು ಎಸೆದರು, ನಾನು ಅಲ್ಟಾರಿನ ಪಕ್ಕ ಬೆಡ್‌ಶೀಟ್ ಹಾಸಿಕೊಂಡು ಕೂತೆ. ಮುಂದೆ ಕೋಲು ಹಿಡಿಯುವವರಿಲ್ಲ. ಒಂಬತ್ತು ಜೊತೆ ಕಣ್ಣುಗಳು ನನ್ನ ಬಿಲ್ಲಿನ ಮೇಲೆ. ಭಯಕ್ಕೆ ನಾನು ತಾಲೀಮಿಗಿಂತ ತುಂಬ ವೇಗವಾಗಿ ಶುರುಮಾಡಿಬಿಟ್ಟೆ. ಇನ್ನು ಹಿಂದಕ್ಕೆಳೆಯುವ ಹಾಗಿರಲಿಲ್ಲ, ಎಲ್ಲರೂ ಓಡಿಬಂದು ಜೊತೆಗೂಡಿದರು. ನಡುವೆ ಒಂದು ಕಡೆ ಮೇಲಿನ ಸ್ವರದವರು ಸಾಲು ತಪ್ಪಿದರು, ಒಂದು ಮಗು ಟಾಯ್ಲೆಟ್ ಎಂದು ಗಟ್ಟಿಯಾಗಿ ಹೇಳಿತು. ಆಮೇಲೆ ತಗ್ಗಿನ ಸ್ವರ ಬಂತು. ಹಿಂದಿನ ಬೆಂಚುಗಳಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತು ಕತ್ತು ಚಾಚಿದರು. ಹಾಡುತ್ತಿರುವ ಗಂಡಸು ಯಾರು ಎಂದು ಹುಡುಕುತ್ತಿದ್ದರು. ಲಿಡ್ವಿನ್ ಅವರನ್ನೆಲ್ಲ ನೇರವಾಗಿ ನೋಡುತ್ತ ಹಾಡಿದಳು.

ಸೋಮವಾರ ಆಲ್ಬರಿಯಲ್ಲಿ ಅವರು ಡಿಸ್ಚಾರ್ಜ್ ಕಾಗದ ಹಿಡಿದು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು. ಹೇಗಾಯಿತು ಎಂದು ಕೇಳಲಿಲ್ಲ. ಉದ್ದದ ಸಾಲಿನಲ್ಲಿ ಲಿಡ್ವಿನ್ ಎಲ್ಲಿ ಉಸಿರು ತೆಗೆದುಕೊಂಡಳು ಎಂದು ಕೇಳಿದರು. ಮಗಳು ಹ್ಯಾಂಡಿಕ್ಯಾಮಿನಲ್ಲಿ ಹಿಡಿದಿದ್ದ ಟೇಪನ್ನು ಮನೆ ಮುಟ್ಟಿದ ದಿನವೇ ಹಾಕಿ ಕೂತರು. ಟಾಯ್ಲೆಟ್ ಬಂದಲ್ಲಿ ಅವರೂ ನಕ್ಕರು. ಮುಗಿದ ಮೇಲೆ ಮೀಸೆ ತೀಡುತ್ತ ಹೇಳಿದರು: "ಫಾಸ್ಟ್ ಆಯ್ತು ಮೈಸೂರು. ಆದ್ರೆ ಇದೇ ಸರಿ. ನಾನಿದ್ದಿದ್ರೆ ನಿಧಾನ ಮಾಡಿಸಿ ಹಾಳು ಮಾಡ್ತಿದ್ದೆ."

ಆ ದಶಕದ ಕೊನೆಗೆ ಅವರು ಬಸ್ಸಿನಿಂದ ರಿಟೈರ್ ಆಗಿ ಮಗಳ ಹತ್ತಿರ ರೌಸ್ ಹಿಲ್‌ಗೆ ಹೋದರು. ನಾನೂ ಎರಡು ಸಲ ಹೋಗಿ ಬಂದೆ. ಪಾದ್ರಿ ಊರು ಬಿಟ್ಟ ವಯಸ್ಸು ದಾಟಿತು, ಆದರೆ ನನಗೆ ದೊರೆಯ ಚಿಂತೆ ಇಲ್ಲ, ಮಗಳು ಗಟ್ಟಿಯಾಗಿದ್ದಾಳೆ ಎಂದು ನಗುತ್ತಿದ್ದರು. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು, ಅವರು ಕೊಂಕಣಿಯಲ್ಲೇ ಪಟ್ಟು ಬಿಡದೆ ಕೇಳುತ್ತಿದ್ದರು.

ಆದರೆ ಫೋನ್ ಇಟ್ಟ ಮೇಲೆ ಅಂಗಡಿಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಬೇರೆಯೇ ದಿನ. ಸಿಡ್ನಿಯಿಂದ ಮರಳಿ ಎರಡು ವಾರವಾಗಿತ್ತು. ಟೇಪು ಅಷ್ಟರಲ್ಲಿ ವೆರಿಬೀಯ ಮನೆ ಮನೆ ಸುತ್ತಿತ್ತು. ಭಾನುವಾರ ನಾನು ಹೋದಾಗ ಗ್ಯಾರೇಜಿನ ಬಾಗಿಲು ಮುಚ್ಚಿತ್ತು, ಅಂಕಲ್ ಮತ್ತು ಆಂಟಿ ಹೊರಗೆ ಮೆಟ್ಟಿಲ ಮೇಲೆ ಕೂತು ಮ್ಯಾಂಡರಿನ್ ಸುಲಿದು ತಿನ್ನುತ್ತಿದ್ದರು. ಒಳಗೆ ಯಾರು ಎಂದೆ. ಬಿಟ್ಟುಹೋಗಿದ್ದ ನಾಲ್ಕು ಗಂಡಸರೂ ವಾಪಸ್ ಬಂದಿದ್ದಾರೆ, ಸೇರಿಸಿಕೊಳ್ಳಿ ಎನ್ನುತ್ತಿದ್ದಾರೆ ಎಂದರು ಆಂಟಿ. ಹಾಗಾದರೆ ನೀವೇಕೆ ಹೊರಗಿದ್ದೀರಿ ಎಂದು ಅಂಕಲ್ ಅವರನ್ನು ಕೇಳಿದೆ.

"ತಗ್ಗಿನ ಸ್ವರ ಈಗ ನನ್ನ ಡಿಪಾರ್ಟ್‌ಮೆಂಟ್ ಅಲ್ಲ," ಎಂದು ಅವರು ನನಗೊಂದು ತೊಳೆ ಕೊಟ್ಟರು.

ಕಿಟಕಿಯಿಂದ ಇಣುಕಿದೆ. ನಾಲ್ವರೂ ಗೋಡೆಗೆ ಸಾಲಾಗಿ ನಿಂತಿದ್ದರು, ಕೈಯಲ್ಲಿ ಜೆರಾಕ್ಸ್ ಹಾಳೆ. ಅವರ ಎದುರು ಅಂಕಲ್‌ರ ಕುರ್ಚಿಯಲ್ಲಿ ಲಿಡ್ವಿನ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಮೊದಲನೆಯವರು ಗಂಟಲು ಸರಿಮಾಡಿಕೊಂಡು ಒಂದು ಸಾಲು ಹಾಡಿದರು. ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು, ಬೈಯಲಿಲ್ಲ, ನಗಲೂ ಇಲ್ಲ.

"ಸೌಂಡ್ ಕೊಡಿ," ಎಂದಳು. "ಇನ್ನೊಮ್ಮೆ."